ಎರಡು ಬಿಂಬಗಳ ನಡುವಿನ ದೂರ

ಹಳೆಯ ಕ್ಯಾಮರಾಗಳಿಗೆ ಈಗ ಮತ್ತೆ ಮರ್ಯಾದೆ ಬಂದಿದೆ. ಒಂದು ಕಾಲದಲ್ಲಿ ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿದ್ದ ಯಾಶಿಕಾ, ಕ್ಯಾನನ್, ಝೋರ್ಕಿಗಳನ್ನು ಇಂದು ಹರೆಯದ ಹುಡುಗ ಹುಡುಗಿಯರು ಹುಡುಕಿಕೊಂಡು ಹೋಗಿ ಕೊಳ್ಳುತ್ತಿದ್ದಾರೆ. ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಬರುವ ಗುಂಪುಗಳಲ್ಲಿ ಒಬ್ಬಿಬ್ಬರ ಕೊರಳಲ್ಲಾದರೂ ಇಂಥದೊಂದು ಫಿಲ್ಮ್ ಕ್ಯಾಮರಾ ಕಾಣಸಿಗುತ್ತದೆ. ಬೆಟ್ಟ ಇಳಿದ ಮೇಲೆ ಅವರಲ್ಲಿ ಕೆಲವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ, ನೂಲು ಬಿಚ್ಚುವ ಮನೆಗಳಿಗೆ, ಚಿಂತಾಮಣಿ ತಾಲೂಕಿನ ಮುರುಗಮಲ್ಲದ ದರ್ಗಾಕ್ಕೆ ಬರುತ್ತಾರೆ. ಅವರು ತೆಗೆದ ಕಪ್ಪುಬಿಳುಪಿನ ಚಿತ್ರಗಳು ಗೋಡೆಗಳ ಮೇಲೂ ಫೋನುಗಳ ತೆರೆಯ ಮೇಲೂ ನಮ್ಮ ಮುಂದೆ ಬರುತ್ತವೆ. ಅವುಗಳಲ್ಲಿ ನಮ್ಮ ಊರುಗಳಿವೆ, ನಮ್ಮ ಜನರಿದ್ದಾರೆ. ಆದ್ದರಿಂದ ಅವುಗಳ ಬಗ್ಗೆ ಮಾತಾಡುವ ಹಕ್ಕು ನಮಗೂ ಇದೆ.

ಈ ಹಳೆಯ ಯಂತ್ರಗಳ ಬಗ್ಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಮೊದಲನೆಯದು ಬೆಲೆಯ ಮಾತು: ಯಾವ ಮಾದರಿ ಎಷ್ಟಕ್ಕೆ ಸಿಕ್ಕಿತು, ಯಾವ ಲೆನ್ಸಿಗೆ ಎಷ್ಟು ಬೇಡಿಕೆ ಎಂಬುದು. ಎರಡನೆಯದು ಭಕ್ತಿಯ ಮಾತು: ಹಿಂದಿನವರು ಹೀಗೆ ತೆಗೆಯುತ್ತಿದ್ದರು, ಡಿಜಿಟಲ್‌ನಲ್ಲಿ ಆ ಜೀವವಿಲ್ಲ ಎಂಬುದು. ಈ ಎರಡರಲ್ಲೂ ಚಿತ್ರದ ವಿಷಯ ಬರುವುದು ಕಡಿಮೆ. ಈ ಯಂತ್ರ ಲೋಕವನ್ನು ಹೇಗೆ ನೋಡಲು ಕಲಿಸುತ್ತದೆ, ಹಾಗೆ ನೋಡಿದವರು ನೋಡಿಸಿಕೊಂಡವರಿಗೆ ನ್ಯಾಯ ಸಲ್ಲಿಸಿದರೇ ಎಂದು ಕೇಳುವವರು ವಿರಳ. ವಿಮರ್ಶೆ ಕೇಳಬೇಕಾದ ಪ್ರಶ್ನೆ ಅದೇ.

ಯಂತ್ರದ ಸ್ವಭಾವ

ರೇಂಜ್‌ಫೈಂಡರ್ ಎಂದರೆ ದೂರ ಅಳೆಯುವ ಸಾಧನ. ಕ್ಯಾಮರಾದ ಮುಖದಲ್ಲಿ ಕೆಲವು ಸೆಂಟಿಮೀಟರ್ ಅಂತರದಲ್ಲಿ ಎರಡು ಪುಟ್ಟ ಕಿಟಕಿಗಳಿರುತ್ತವೆ. ಒಂದರಿಂದ ನಾವು ನೇರವಾಗಿ ನೋಡುತ್ತೇವೆ. ಇನ್ನೊಂದರಿಂದ ಬಂದ ಬಿಂಬವು ಕನ್ನಡಿಯಲ್ಲಿ ತಿರುಗಿ, ಅರ್ಧ ಪಾರದರ್ಶಕವಾದ ಮತ್ತೊಂದು ಕನ್ನಡಿಯ ಮೂಲಕ ಮೊದಲನೆಯದರ ನಡುವೆ ಬಂದು ಕೂರುತ್ತದೆ. ಎದುರಿಗಿರುವ ಮನುಷ್ಯ ಆಗ ಎರಡಾಗಿ ಕಾಣುತ್ತಾನೆ. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಹೋದಂತೆ ಎರಡು ಬಿಂಬಗಳು ಹತ್ತಿರ ಸರಿದು ಒಂದಾಗುತ್ತವೆ. ಒಂದಾದ ಆ ಗಳಿಗೆಯಲ್ಲಿ ಲೆನ್ಸು ಸರಿಯಾದ ದೂರಕ್ಕೆ ನಿಂತಿದೆ ಎಂದರ್ಥ.

ತತ್ವ ಹೊಸದೇನಲ್ಲ. ನಮ್ಮ ಎರಡು ಕಣ್ಣುಗಳು ಮಾಡುವ ಕೆಲಸವೇ ಇದು. ಒಂದೇ ಕಡೆಯಿಂದ ನೋಡಿದರೆ ದೂರ ತಿಳಿಯುವುದು ಕಷ್ಟ, ಎರಡು ಕಡೆಯಿಂದ ನೋಡಿ ಹೋಲಿಸಿದರೆ ತಿಳಿಯುತ್ತದೆ. ಎರಡು ನೋಟಗಳ ನಡುವಿನ ಅಂತರ ಹೆಚ್ಚಿದಷ್ಟೂ ಅಳತೆ ಹೆಚ್ಚು ನಿಖರವಾಗುತ್ತದೆ. ಗೌರಿಬಿದನೂರಿನ ಬಳಿ 1976ರಿಂದ ಇರುವ ರೇಡಿಯೊ ದೂರದರ್ಶಕವೂ ಇದಕ್ಕೆ ದೂರದ ನೆಂಟನೇ. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ, ಪೂರ್ವ-ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ ಅಲ್ಲಿ ಆಂಟೆನಾಗಳು ಹರಡಿಕೊಂಡಿವೆ. ಆಕಾಶದಿಂದ ಬರುವ ಒಂದೇ ಅಲೆಯನ್ನು ಅವು ಬೇರೆ ಬೇರೆ ಜಾಗದಲ್ಲಿ ಹಿಡಿದು ಒಟ್ಟುಗೂಡಿಸುತ್ತವೆ. ಅಲ್ಲಿ ಅಂತರ ಕಿಲೋಮೀಟರಿನದು, ಕ್ಯಾಮರಾದಲ್ಲಿ ಸೆಂಟಿಮೀಟರಿನದು. ಒಂದೇ ನೋಟವನ್ನು ನಂಬಬಾರದು ಎಂಬ ವಿವೇಕ ಎರಡರಲ್ಲೂ ಇದೆ.

ಜರ್ಮನಿಯ ವೆಟ್ಸ್‌ಲಾರಿನಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಸಿನಿಮಾ ಫಿಲ್ಮನ್ನು ಬಳಸುವ ಅಂಗೈಯಗಲದ ಕ್ಯಾಮರಾ ಮಾಡಿದರು. 1925ರಲ್ಲಿ ಅದು ಲೈಕಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ 1932ರಲ್ಲಿ ಬಂತು. ಅದೇ ವರ್ಷ ಝೈಸ್ ಕಂಪನಿಯ ಕಾಂಟ್ಯಾಕ್ಸ್ ಪೈಪೋಟಿಗಿಳಿಯಿತು. 1954ರ ಲೈಕಾ ಎಂ3 ನೋಡುವ ಕಿಟಕಿಯನ್ನೂ ಅಳೆಯುವ ಕಿಟಕಿಯನ್ನೂ ಒಂದು ಮಾಡಿತು. ಸೋವಿಯತ್ ಒಕ್ಕೂಟದ ಕತೆ ಇನ್ನೂ ಕುತೂಹಲದ್ದು. ಖಾರ್ಕಿವ್‌ನಲ್ಲಿ ಶಿಕ್ಷಣತಜ್ಞ ಮಕರೆಂಕೊ ನಡೆಸುತ್ತಿದ್ದ ಕಮ್ಯೂನಿನ ಅನಾಥ ಮಕ್ಕಳು 1934ರಿಂದ ಲೈಕಾದ ನಕಲನ್ನು ಫೆಡ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿದರು. ಯುದ್ಧ ಮುಗಿದ ಮೇಲೆ ಕಾಂಟ್ಯಾಕ್ಸ್‌ನ ಯಂತ್ರಗಳು ಯುದ್ಧ ಪರಿಹಾರವಾಗಿ ಕೀವ್ ನಗರಕ್ಕೆ ಹೋದವು, ಅಲ್ಲಿ ಅದೇ ಕ್ಯಾಮರಾ ಕೀವ್ ಎಂಬ ಹೆಸರು ಪಡೆಯಿತು. ಜಪಾನಿನ ಯಾಶಿಕಾ ಎಲೆಕ್ಟ್ರೋ 35 ಬಂದದ್ದು 1966ರಲ್ಲಿ. ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಿಗೆ ರೇಂಜ್‌ಫೈಂಡರ್ ಎಂದರೆ ಲೈಕಾ ಅಲ್ಲ, ಕೊಲ್ಲಿ ದೇಶಕ್ಕೆ ದುಡಿಯಲು ಹೋದವರು ಪೆಟ್ಟಿಗೆಯಲ್ಲಿ ತಂದ ಈ ಯಾಶಿಕಾ.

ಇದರ ಸ್ವಭಾವದಲ್ಲಿ ಮೂರು ಸಂಗತಿಗಳು ಮುಖ್ಯ. ಇದು ಸದ್ದು ಮಾಡುವುದು ಕಡಿಮೆ, ಯಾಕೆಂದರೆ ಒಳಗೆ ಎದ್ದು ಬೀಳುವ ಕನ್ನಡಿಯಿಲ್ಲ. ಚಿತ್ರ ಬೀಳುವ ಕ್ಷಣದಲ್ಲಿ ಕಣ್ಣೆದುರು ಕತ್ತಲಾಗುವುದಿಲ್ಲ, ನಾವು ತೆಗೆಯುವ ಮನುಷ್ಯ ಆ ಕ್ಷಣದಲ್ಲೂ ನಮ್ಮ ಕಣ್ಣ ಮುಂದೆಯೇ ಇರುತ್ತಾನೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಕಿಟಕಿಯೊಳಗೆ ಬಿಳಿಗೆರೆಗಳ ಒಂದು ಚೌಕಟ್ಟು ಕಾಣುತ್ತದೆ. ಚಿತ್ರಕ್ಕೆ ಬರುವುದು ಆ ಗೆರೆಯ ಒಳಗಿನದು ಮಾತ್ರ, ಆದರೆ ಹೊರಗಿನದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿರುತ್ತದೆ. ಕನ್ನಡಿಯಿರುವ ಕ್ಯಾಮರಾದಲ್ಲಿ ಚೌಕಟ್ಟಿನ ಆಚೆ ಕತ್ತಲು. ಇಲ್ಲಿ ಆಚೆಗೂ ಲೋಕವಿದೆ. ಯಾವುದನ್ನು ಬಿಡುತ್ತಿದ್ದೇವೆ ಎಂದು ತಿಳಿದೇ ಬಿಡುತ್ತೇವೆ.

ಕೊರತೆಗಳೂ ಇವೆ. ನಾವು ನೋಡುವುದು ಲೆನ್ಸಿನ ಮೂಲಕ ಅಲ್ಲವಾದ್ದರಿಂದ ಲೆನ್ಸಿನ ಮುಚ್ಚಳ ಹಾಗೇ ಇದ್ದರೂ ಗೊತ್ತಾಗುವುದಿಲ್ಲ. ಹಳೆಯ ಲೆನ್ಸುಗಳಲ್ಲಿ ಬಹುಪಾಲು ಮುಕ್ಕಾಲು ಅಥವಾ ಒಂದು ಮೀಟರಿಗಿಂತ ಹತ್ತಿರ ಹೋಗಲಾರವು. ದೂರದ ಹಕ್ಕಿಯನ್ನು ಸೆಳೆದು ತರುವುದೂ ಇವುಗಳ ಕೆಲಸವಲ್ಲ. ಅಂದರೆ ಇದು ಮನುಷ್ಯನೊಬ್ಬ ಇನ್ನೊಬ್ಬನ ಜೊತೆ ಮಾತಾಡುವಷ್ಟು ದೂರದ ಯಂತ್ರ. ಮುತ್ತಿಡುವಷ್ಟು ಹತ್ತಿರವೂ ಅಲ್ಲ, ಕದ್ದು ನೋಡುವಷ್ಟು ದೂರವೂ ಅಲ್ಲ. ಆ ದೂರದಲ್ಲಿ ನಿಂತವನು ಎದುರಿನವರಿಗೆ ಕಾಣುತ್ತಾನೆ. ಕಾಣುವವನು ಉತ್ತರವನ್ನೂ ಕೊಡಬೇಕಾಗುತ್ತದೆ.

ಹರಿ ಪರ್ಬತದ ಹೆಂಗಸರು

ಈ ಯಂತ್ರದ ಬಗ್ಗೆ ಮಾತಾಡುವವರೆಲ್ಲ ಕೊನೆಗೆ ಬಂದು ನಿಲ್ಲುವುದು ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸೋನ್ ಹೆಸರಿನ ಬಳಿ. 1908ರಲ್ಲಿ ಹುಟ್ಟಿ 2004ರಲ್ಲಿ ತೀರಿಕೊಂಡ ಈ ಛಾಯಾಗ್ರಾಹಕ ತನ್ನ ಲೈಕಾದೊಂದಿಗೆ 1947ರಲ್ಲಿ ಭಾರತಕ್ಕೆ ಬಂದರು. ಜೊತೆಗೆ ಹೆಂಡತಿ, ಜಾವಾದ ನರ್ತಕಿ ರತ್ನಾ ಮೊಹಿನಿ ಇದ್ದರು. ವಿಭಜನೆಯ ಗಾಯ ಹಸಿಯಾಗಿದ್ದ ಕಾಲ ಅದು. ಕುರುಕ್ಷೇತ್ರದ ನಿರಾಶ್ರಿತರ ಶಿಬಿರದಲ್ಲಿ ಗಂಡಸರು ಕೈಗಳನ್ನೆತ್ತಿ ವ್ಯಾಯಾಮದ ನೆಪದಲ್ಲಿ ನಿರಾಶೆಯನ್ನು ಕೊಡವಿಕೊಳ್ಳಲು ಯತ್ನಿಸುತ್ತಿರುವ ಅವರ ಚಿತ್ರ ಪ್ರಸಿದ್ಧವಾಗಿದೆ. 1948ರ ಜನವರಿ 30ರಂದು ಅವರು ಗಾಂಧೀಜಿಯನ್ನು ಕಂಡು ತಮ್ಮ ಚಿತ್ರಗಳ ಪುಸ್ತಕ ತೋರಿಸಿ ಹೊರಟ ಸ್ವಲ್ಪ ಹೊತ್ತಿಗೇ ಗುಂಡು ಹಾರಿತು. ಅವರು ಬಿರ್ಲಾ ಭವನಕ್ಕೆ ಮರಳಿ ಓಡಿದರು. ಗಾಂಧಿ ಇನ್ನಿಲ್ಲ ಎಂದು ನೆಹರೂ ಜನರಿಗೆ ಹೇಳುತ್ತಿರುವ ಚಿತ್ರ ಆ ರಾತ್ರಿಯದು. ಬೆಳಕು ಸಾಲದು, ರೇಖೆಗಳು ಸ್ಪಷ್ಟವಿಲ್ಲ, ಆದರೂ ಆ ಗೊಂದಲವೇ ಸತ್ಯ ಹೇಳುತ್ತದೆ. ಫ್ಲಾಶ್ ಬಲ್ಬು ಹೊಡೆದಿದ್ದರೆ ನೆಹರೂ ಮುಖ ಸ್ಪಷ್ಟವಾಗುತ್ತಿತ್ತು, ಆ ರಾತ್ರಿ ಸುಳ್ಳಾಗುತ್ತಿತ್ತು. ಸದ್ದಿಲ್ಲದ ಯಂತ್ರದ ಗುಣ ಇಲ್ಲಿ ಪೂರ್ಣವಾಗಿ ಕಾಣುತ್ತದೆ.

ಅದೇ 1948ರಲ್ಲಿ ಶ್ರೀನಗರದಲ್ಲಿ ತೆಗೆದ ಇನ್ನೊಂದು ಚಿತ್ರವಿದೆ. ಹರಿ ಪರ್ಬತ ಗುಡ್ಡದ ಇಳಿಜಾರಿನಲ್ಲಿ ಮುಸ್ಲಿಮ್ ಹೆಂಗಸರು ನಮಗೆ ಬೆನ್ನು ಮಾಡಿ ನಿಂತಿದ್ದಾರೆ. ಮುಂದೆ ಕಣಿವೆ, ಅದರಾಚೆ ಪರ್ವತ, ಮೋಡ. ಒಬ್ಬಾಕೆ ಎರಡೂ ಅಂಗೈಗಳನ್ನು ಮುಂದೆ ಚಾಚಿದ್ದಾಳೆ. ಮೋಡವೇ ಆ ಅಂಗೈಯಲ್ಲಿ ಬಂದು ಕೂತಂತೆ ಕಾಣುತ್ತದೆ. ಚಿತ್ರವಾಗಿ ಇದನ್ನು ಮೀರಿಸುವುದು ಕಷ್ಟ. ಛಾಯಾಗ್ರಾಹಕ ಮುಂದೆ ಓಡಿ ಅವರ ಮುಖಕ್ಕೆ ಕ್ಯಾಮರಾ ಹಿಡಿದಿಲ್ಲ. ಅವರ ಹಿಂದೆ ನಿಂತು, ಅವರು ನೋಡುತ್ತಿರುವುದನ್ನೇ ತಾನೂ ನೋಡಿದ್ದಾನೆ. ನಮ್ಮ ಹೆಂಗಸರ ಚಿತ್ರ ತೆಗೆಯುವ ಎಷ್ಟೋ ಜನರಲ್ಲಿ ಇಲ್ಲದ ಸಂಕೋಚ ಇದು, ದೊಡ್ಡ ಗುಣ.

ಆದರೆ ಈ ಚಿತ್ರ ಜಗತ್ತನ್ನು ಸುತ್ತುತ್ತಿರುವುದು ಒಂದು ಅಡಿಬರಹದ ಜೊತೆ. ಹಿಮಾಲಯದ ಹಿಂದೆ ಮೂಡುತ್ತಿರುವ ಸೂರ್ಯನತ್ತ ಮುಸ್ಲಿಮ್ ಹೆಂಗಸರು ಪ್ರಾರ್ಥಿಸುತ್ತಿದ್ದಾರೆ ಎಂಬುದು ಅದರ ಅರ್ಥ. ಇದನ್ನು ಓದಿದ ಯಾವ ಮುಸ್ಲಿಮ್ ಮಗುವಾದರೂ ತಬ್ಬಿಬ್ಬಾಗುತ್ತದೆ. ನಮಾಝಿನ ದಿಕ್ಕು ಕಾಬಾ. ಕಾಶ್ಮೀರದಿಂದ ಅದು ಇರುವುದು ಪಶ್ಚಿಮದ ಕಡೆಗೆ. ಸೂರ್ಯ ಹುಟ್ಟುವುದು ಪೂರ್ವದಲ್ಲಿ. ಅಷ್ಟೇ ಅಲ್ಲ, ಸೂರ್ಯ ಮೂಡುತ್ತಿರುವ ಹೊತ್ತಿನಲ್ಲಿ ನಮಾಝ್ ಮಾಡಬಾರದೆಂಬ ನಿಯಮವೇ ಇದೆ, ಸೂರ್ಯಾರಾಧನೆಯೆಂದು ಯಾರಿಗೂ ತೋರಬಾರದು ಎಂಬುದು ಅದರ ಹಿಂದಿನ ಎಚ್ಚರ. ಚಿತ್ರದಲ್ಲಿರುವುದು ನಮಾಝಿನ ಭಂಗಿಯಲ್ಲ, ದುಆದ ಭಂಗಿ. ದುಆಕ್ಕೆ ದಿಕ್ಕಿನ ಕಟ್ಟಿಲ್ಲ. ಹರಿ ಪರ್ಬತದ ಇಳಿಜಾರಿನಲ್ಲೇ ಮಖ್ದೂಮ್ ಸಾಹಿಬರ ದರ್ಗಾ ಇದೆ. ಮುರುಗಮಲ್ಲಕ್ಕೆ ಒಮ್ಮೆ ಹೋಗಿ ಬಂದವರಿಗೆ ಆ ಅಂಗೈಗಳ ಅರ್ಥ ಹೇಳಿಕೊಡಬೇಕಿಲ್ಲ. ಅಲ್ಲಿ ಅಮ್ಮಾಜಾನ್ ಬಾವಾಜಾನ್ ಸನ್ನಿಧಿಯಲ್ಲಿ ಮುಸ್ಲಿಮ್ ತಾಯಿಯೂ ಹಿಂದೂ ತಾಯಿಯೂ ಕಾಯಿಲೆಯ ಮಗುವಿಗಾಗಿ ಕೈಯೊಡ್ಡುತ್ತಾರೆ. ಅದು ಬೇಡಿಕೆಯ ಕೈ, ಸೂರ್ಯನ ಕೈಯಲ್ಲ.

ಒಂದು ಅಡಿಬರಹಕ್ಕೆ ಇಷ್ಟೊಂದು ಯಾಕೆ ಎಂದು ಕೇಳಬಹುದು. ಅಡಿಬರಹ ಚಿತ್ರದ ಅರ್ಧ ಪಾಲು. ಕಾಶ್ಮೀರ ಯುದ್ಧದ ನಡುವೆ ಇದ್ದ ವರ್ಷ ಅದು. ಆ ಹೆಂಗಸರು ಯಾರಿಗಾಗಿ ಕೈ ಚಾಚಿದರು, ಮಗನಿಗಾಗಿಯೋ ಗಂಡನಿಗಾಗಿಯೋ ಮಳೆಗಾಗಿಯೋ ಎಂದು ಕೇಳುವ ದಾರಿಯನ್ನೇ ಆ ಅಡಿಬರಹ ಮುಚ್ಚಿಬಿಟ್ಟಿತು. ಪೂರ್ವ ದೇಶದ ಜನ ಸೂರ್ಯನಿಗೆ ಕೈ ಮುಗಿಯುತ್ತಾರೆ ಎಂಬ ಹಳೆಯ ಕಲ್ಪನೆಯಲ್ಲಿ ಅವರನ್ನು ಕೂರಿಸಿತು. ಕ್ಯಾಮರಾ ಮೀಟರಿನಲ್ಲಿ ದೂರವನ್ನು ತಪ್ಪಿಲ್ಲದೆ ಅಳೆಯಿತು. ಇನ್ನೊಂದು ದೂರವನ್ನು ಅಳೆಯಲು ಎರಡನೆಯ ಕಿಟಕಿ ಬೇಕಿತ್ತು. ಆ ಹೆಂಗಸರಲ್ಲಿ ಒಬ್ಬರನ್ನು ಕೇಳಿದ್ದರೆ ಆ ಕಿಟಕಿ ತೆರೆಯುತ್ತಿತ್ತು.

ಇದರ ಎದುರಿಗೆ ಇನ್ನೊಂದು ಪ್ರಸಂಗ ಇಡಬಹುದು. 1946ರಲ್ಲಿ 'ಲೈಫ್' ಪತ್ರಿಕೆಯ ಮಾರ್ಗರೆಟ್ ಬೂರ್ಕ್-ವೈಟ್ ಚರಕದ ಬಳಿ ಕುಳಿತ ಗಾಂಧಿಯ ಚಿತ್ರ ತೆಗೆದರು. ಅವರೇ ಬರೆದುಕೊಂಡಂತೆ, ಚಿತ್ರ ತೆಗೆಯುವ ಮುನ್ನ ನೂಲುವುದನ್ನು ಕಲಿಯಬೇಕೆಂದು ಗಾಂಧಿಯ ಕಡೆಯವರು ಷರತ್ತು ಹಾಕಿದರು. ಅವರದು ಸದ್ದಿಲ್ಲದ ಸಣ್ಣ ಕ್ಯಾಮರಾ ಅಲ್ಲ, ಫ್ಲಾಶ್ ಬಲ್ಬು ಹೊಡೆಯುವ ದೊಡ್ಡ ಸರಂಜಾಮು. ಆದರೂ ಆ ಷರತ್ತು ಸರಿಯಾಗಿತ್ತು. ಚರಕವನ್ನು ತಿರುಗಿಸಿ ದಾರ ಕಡಿದುಕೊಂಡವರಿಗೆ ಚರಕದ ಮುಂದೆ ಕೂತವರ ಬಗ್ಗೆ ಒಂದಿಷ್ಟು ತಿಳಿಯುತ್ತದೆ. ಯಂತ್ರ ಯಾವುದು ಎಂಬುದಕ್ಕಿಂತ ಈ ಷರತ್ತು ದೊಡ್ಡದು.

ಶಿಡ್ಲಘಟ್ಟದಲ್ಲಿ ಕಾಣುವುದು, ಬಿಡುವುದು

ಶಿಡ್ಲಘಟ್ಟದಲ್ಲಿ 'ರೀಲು' ಎಂಬ ಮಾತಿಗೆ ಮೊದಲ ಅರ್ಥ ರೇಷ್ಮೆಯದು. ಗೂಡಿನ ಮಾರುಕಟ್ಟೆಯಲ್ಲಿ ರೈತರು ತಂದ ಗೂಡನ್ನು ಹರಾಜಿನಲ್ಲಿ ಕೊಳ್ಳುವ ರೀಲರುಗಳಲ್ಲಿ ಮುಸ್ಲಿಮರು ಬಹಳ. ಹಿಪ್ಪುನೇರಳೆ ಬೆಳೆದು ಹುಳು ಸಾಕಿ ಚಂದ್ರಿಕೆಯಿಂದ ಗೂಡು ಬಿಡಿಸುವವರು ಹೆಚ್ಚಾಗಿ ಹಳ್ಳಿಯ ಒಕ್ಕಲು ಕುಟುಂಬಗಳವರು. ಒಂದು ಎಳೆ ಹರಿದರೆ ಇಬ್ಬರ ಬದುಕೂ ನಿಲ್ಲುತ್ತದೆ. ಬಿಚ್ಚಾಣಿಕೆ ಮನೆಯೊಳಗೆ ಬಿಸಿನೀರಿನಲ್ಲಿ ಗೂಡು ಬೇಯುತ್ತದೆ. ಹಬೆ ಏಳುತ್ತದೆ, ಸತ್ತ ಹುಳುವಿನ ವಾಸನೆ ಬಟ್ಟೆಗೆ ಅಂಟುತ್ತದೆ. ಕೆಲಸದವರ ಬೆರಳುಗಳು ದಿನವಿಡೀ ನೀರಿನಲ್ಲಿದ್ದು ಬಿಳುಚಿ ಸುಕ್ಕುಗಟ್ಟಿರುತ್ತವೆ. ಆ ಬೆರಳುಗಳು ಕಣ್ಣಿಗೆ ಕಾಣದಷ್ಟು ನವಿರಾದ ಎಳೆಯ ತುದಿಯನ್ನು ಹುಡುಕಿ ಹಿಡಿಯುತ್ತವೆ.

ಛಾಯಾಗ್ರಾಹಕರಿಗೆ ಇದು ಹಬ್ಬ. ಹಬೆಯ ನಡುವೆ ಬೀಳುವ ಬಿಸಿಲಕೋಲು, ಬೆವರಿದ ಮುಖ, ಕಪ್ಪು ಗೋಡೆ. ಕಪ್ಪುಬಿಳುಪಿನ ಫಿಲ್ಮಿನ ಒರಟು ಕಣಗಳು ಸೇರಿದರೆ ಚಿತ್ರ ನೂರು ವರ್ಷ ಹಳೆಯದೆಂಬಂತೆ ಕಾಣುತ್ತದೆ. ನಮ್ಮ ಛಾಯಾಗ್ರಹಣ ಸ್ಪರ್ಧೆಗಳಲ್ಲಿ ಬಹಳ ಕಾಲ ಗೆದ್ದದ್ದು ಸಂಜೆಯ ಧೂಳಿನಲ್ಲಿ ಕುರಿ ಹಿಂಡನ್ನು ಹೊಡೆದುಕೊಂಡು ಹೋಗುವ ಕುರುಬನ ಚಿತ್ರ. ಬಿಚ್ಚಾಣಿಕೆ ಮನೆಯ ಹಬೆ ಆ ಧೂಳಿನ ಜಾಗಕ್ಕೆ ಬಂದಿದೆ, ಅಷ್ಟೇ.

ಇಲ್ಲಿಯೇ ನನ್ನ ತಕರಾರು. ಈ ಚಿತ್ರಗಳಲ್ಲಿ ಏನು ಇಲ್ಲ ಎಂದು ನೋಡಿ. ಗೋಡೆಯ ಮೊಳೆಗೆ ತೂಗುಹಾಕಿದ ಶಾಲೆಯ ಚೀಲ ಇಲ್ಲ. ಕಿಟಕಿಯಲ್ಲಿ ಚಾರ್ಜಿಗಿಟ್ಟ ಫೋನು ಇಲ್ಲ. ನೀಲಿ ಪ್ಲಾಸ್ಟಿಕ್ ಡ್ರಮ್ಮು, ಗ್ಯಾಸಿನ ಬಿಲ್ಲು, ಗೂಡಿನ ದರ ಬರೆದ ಚೀಟಿ, ಸಾಲದ ಕಂತಿನ ಪುಸ್ತಕ, ಯಾವುದೂ ಇಲ್ಲ. ಅವೆಲ್ಲ ಆ ಕೋಣೆಯಲ್ಲೇ ಇದ್ದವು. ರೇಂಜ್‌ಫೈಂಡರಿನಲ್ಲಿ ನೋಡಿದವನಿಗೆ ಬಿಳಿಗೆರೆಯ ಆಚೆ ಅವು ಕಾಣುತ್ತಲೂ ಇದ್ದವು. ಕಂಡೂ ಬಿಟ್ಟದ್ದು ಆಯ್ಕೆ. ಇಂದಿನ ಕೆಲಸಗಾರ್ತಿಯನ್ನು ಇಂದಿನಿಂದ ಕಿತ್ತು ಯಾವುದೋ ಹಳೆಯ ಕಾಲಕ್ಕೆ ಕಳಿಸುವ ಆಯ್ಕೆ. ಹಳೆಯ ಕಾಲದ ಬಡತನ ನೋಡಲು ಚಂದ, ಅದಕ್ಕೆ ಯಾರೂ ಹೊಣೆಯಲ್ಲ. ಇಂದಿನ ಕೂಲಿ, ಇಂದಿನ ಗೂಡಿನ ಬೆಲೆ, ಇಂದಿನ ಉಸಿರಾಟದ ಕಾಯಿಲೆಗೆ ಹೊಣೆಗಾರರಿದ್ದಾರೆ. ಯಂತ್ರ ಹಳೆಯದಾಗಿರಲಿ, ಚಿತ್ರದೊಳಗಿನ ಮನುಷ್ಯನನ್ನು ಹಳಬನನ್ನಾಗಿ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಬುರ್ಖಾದ ಚಿತ್ರಗಳದ್ದು ಇನ್ನೊಂದು ಬಗೆ. ಕಾರ್ತಿಯೆ-ಬ್ರೆಸೋನ್ 1932ರಲ್ಲಿ ಇಯೇರ್ ಎಂಬ ಊರಿನಲ್ಲಿ ಸುತ್ತು ಮೆಟ್ಟಿಲ ಕೆಳಗಿನ ಬೀದಿಯಲ್ಲಿ ಸೈಕಲ್ ಸವಾರನೊಬ್ಬ ಹಾದುಹೋಗುವ ಗಳಿಗೆಯನ್ನು ಹಿಡಿದರು. ಚಂದದ ಹಿನ್ನೆಲೆಯೊಂದನ್ನು ಹುಡುಕಿ, ಯಾರಾದರೂ ಅದರೊಳಗೆ ನಡೆದು ಬರುವವರೆಗೆ ಕಾಯುವ ಈ ಕ್ರಮ ಬೀದಿಯ ಛಾಯಾಗ್ರಹಣಕ್ಕೆ ಸೂತ್ರವೇ ಆಗಿಹೋಯಿತು. ಈಗ ಚಿಂತಾಮಣಿಯಲ್ಲೋ ಗೌರಿಬಿದನೂರಿನಲ್ಲೋ ಹಸಿರು ಬಣ್ಣ ಬಳಿದ ಗೋಡೆಯೆದುರು ಕಾದು ನಿಂತರೆ, ಬುರ್ಖಾ ತೊಟ್ಟ ಹೆಣ್ಣೊಬ್ಬಳು ಹಾದುಹೋಗುತ್ತಾಳೆ. ಕ್ಲಿಕ್. ಬಿಳಿ ಗೋಡೆಯ ಮೇಲೆ ಒಂದು ಕರಿ ಆಕೃತಿ. ಆಕೆ ಪಡಿತರಕ್ಕೆ ಹೊರಟಿದ್ದಳೋ, ಕಾಲೇಜಿನಲ್ಲಿ ಪಾಠ ಮಾಡಲು ಹೊರಟಿದ್ದಳೋ, ಬ್ಯಾಂಕಿನಲ್ಲಿ ಜಗಳವಾಡಿ ಬರುತ್ತಿದ್ದಳೋ ಚಿತ್ರಕ್ಕೆ ಬೇಕಿಲ್ಲ. ಸೈಕಲ್ ಸವಾರನೂ ಹೆಸರಿಲ್ಲದವನೇ, ನಿಜ. ಆದರೆ ಅವನನ್ನು ನೋಡಿ ಯಾರೂ ಒಂದು ಇಡೀ ಸಮುದಾಯದ ಬಗ್ಗೆ ತೀರ್ಮಾನಕ್ಕೆ ಬರಲಿಲ್ಲ. ಆ ಕರಿ ಆಕೃತಿಯನ್ನು ನೋಡಿ ಬರುತ್ತಾರೆ. ಒಂದೇ ಸೂತ್ರ ಎರಡು ಜಾಗದಲ್ಲಿ ಎರಡು ಪರಿಣಾಮ ಮಾಡುತ್ತದೆ ಎಂದು ತಿಳಿಯದವನು ಬೀದಿಯಲ್ಲಿ ಕ್ಯಾಮರಾ ಹಿಡಿಯುವ ಮುನ್ನ ಇನ್ನಷ್ಟು ಕಾಲ ಬರಿಗಣ್ಣಿನಿಂದ ನೋಡಬೇಕು.

ಮನೆಯ ಪೆಟ್ಟಿಗೆಯ ಚಿತ್ರಗಳು

ಮುಸ್ಲಿಮರಿಗೂ ಚಿತ್ರಕ್ಕೂ ಆಗದು ಎಂದು ಹೊರಗಿನವರು ಸುಲಭವಾಗಿ ಹೇಳುತ್ತಾರೆ. ವಿಷಯ ಅಷ್ಟು ಸರಳವಲ್ಲ. ಉರ್ದುವಿನಲ್ಲಿ ಛಾಯಾಗ್ರಹಣಕ್ಕೆ 'ಅಕ್ಕಾಸಿ' ಎನ್ನುತ್ತಾರೆ. 'ಅಕ್ಸ್' ಎಂದರೆ ಪ್ರತಿಬಿಂಬ. ಚಿತ್ರ ಬರೆಯುವುದು ಸೃಷ್ಟಿಯ ಅನುಕರಣೆ, ಆದರೆ ಬಿಂಬವನ್ನು ಹಿಡಿದಿಡುವುದು ಹಾಗಲ್ಲ ಎಂಬ ವಾದ ಆ ಪದದಲ್ಲೇ ಅಡಗಿದೆ. ಈಜಿಪ್ಟಿನ ಮುಫ್ತಿ ಮುಹಮ್ಮದ್ ಬಖೀತ್ ಅಲ್-ಮುತೀಈ ಛಾಯಾಚಿತ್ರವನ್ನು ನೆರಳನ್ನು ತಡೆದು ನಿಲ್ಲಿಸುವ ಕ್ರಿಯೆ ಎಂದು ವಿವರಿಸಿ ಅನುಮತಿಸಿದರು. ಕನ್ನಡದ 'ಛಾಯೆ'ಯ ಅರ್ಥವೂ ನೆರಳೇ. ಇದನ್ನು ಒಪ್ಪದ ಉಲೇಮಾಗಳು ನಮ್ಮ ಉಪಖಂಡದಲ್ಲಿ ಬಹಳ ಜನ ಇದ್ದರು, ಈಗಲೂ ಇದ್ದಾರೆ. ಚರ್ಚೆ ನಡೆಯುತ್ತಿರುವಾಗಲೇ ಹಜ್ಜಿಗೆ ಹೊರಟವರಿಗೆ ಪಾಸ್‌ಪೋರ್ಟಿನ ಫೋಟೊ ಬೇಕಾಯಿತು. ಮದುವೆಗೆ ಫೋಟೊ ಬೇಕಾಯಿತು. ದುಬೈಯಲ್ಲಿದ್ದ ಮಗನಿಗೆ ಅಮ್ಮನ ಮುಖ ನೋಡಬೇಕೆನಿಸಿತು.

ಹೀಗೆ ಯಾಶಿಕಾ ಮನೆಯೊಳಗೆ ಬಂತು. ಮನೆಯ ಒಳಗೆ ಫೋಟೊ ತೆಗೆದವನು ಮನೆಯವನೇ: ಅಣ್ಣ, ಮಾಮು, ಚಿಕ್ಕಪ್ಪ. ಹೊರಗಿನವರೆದುರು ತೆರೆಯದ ಮುಖಗಳು ಅವನೆದುರು ನಕ್ಕವು. ಈ ಚಿತ್ರಗಳಲ್ಲಿ ಎಲ್ಲರೂ ಸಾಲಾಗಿ ನಿಂತು ನೇರವಾಗಿ ಲೆನ್ಸನ್ನೇ ನೋಡುತ್ತಾರೆ. ವಿಮರ್ಶಕರು ಇದನ್ನು ಕಲೆಯೆಂದು ಕರೆಯುವುದಿಲ್ಲ. ಸಹಜತೆಯಿಲ್ಲ, ಕ್ಷಣವಿಲ್ಲ ಎನ್ನುತ್ತಾರೆ. ಆದರೆ ಆ ನೇರ ನೋಟದಲ್ಲಿ ಒಪ್ಪಿಗೆಯಿದೆ. ತನ್ನನ್ನು ಹೇಗೆ ಕಾಣಬೇಕೆಂದು ಆಕೆಯೇ ನಿರ್ಧರಿಸಿ, ಒಳ್ಳೆಯ ಓಢಣಿ ಹೊದ್ದು, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಬಂದಿದ್ದಾಳೆ. ಫೋಟೊದ ಹಿಂಬದಿಗೆ ಉರ್ದುವಿನಲ್ಲೋ ಕನ್ನಡದಲ್ಲೋ ಹೆಸರು, ಊರು, ದಿನ ಬರೆದಿರುತ್ತಾರೆ. ಹರಿ ಪರ್ಬತದ ಚಿತ್ರಕ್ಕೆ ದಕ್ಕದ ಅಡಿಬರಹ ಈ ಸಾಮಾನ್ಯ ಫೋಟೊಗಳಿಗೆ ದಕ್ಕಿದೆ. ಕೌಶಲದಲ್ಲಿ ಎರಡಕ್ಕೂ ಹೋಲಿಕೆಯಿಲ್ಲ, ಒಪ್ಪುತ್ತೇನೆ. ಆದರೆ ಕೌಶಲ ಒಂದು ಕಿಟಕಿ ಮಾತ್ರ. ಪರಿಚಯ ಇನ್ನೊಂದು.

ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಈ ಎರಡೂ ಕೂಡಿ ಬಂದದ್ದನ್ನು ಕನ್ನಡಿಗರು ಬಲ್ಲರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಬಡ ಮಕ್ಕಳು ಬಡತನದ ಸಂಕೇತಗಳಾಗುವುದಿಲ್ಲ. ಆಡುತ್ತಾರೆ, ನಗುತ್ತಾರೆ, ತುಂಟತನ ಮಾಡುತ್ತಾರೆ. ಈ ನೆಲದ ಜನರ ನಡುವೆ ಬೆಳೆದವರ ಕಣ್ಣಿಗೆ ಅದು ಕಾಣುತ್ತದೆ.

ಕಾಪಾಡುವ ಕೆಲಸ

ಹಳೆಯ ಕ್ಯಾಮರಾ ಇಟ್ಟುಕೊಳ್ಳುವುದೆಂದರೆ ಅದರ ಆರೈಕೆ ಮಾಡುವುದು. ನಮ್ಮ ಬಯಲುಸೀಮೆಯ ಒಣಹವೆ ಲೆನ್ಸಿಗೆ ಒಳ್ಳೆಯದೇ. ಆದರೆ ಮಳೆಗಾಲದ ತೇವ, ಬಿಚ್ಚಾಣಿಕೆ ಮನೆಯ ಹಬೆ ಒಳಗೆ ಸೇರಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ. ಬಹಳ ದಿನ ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗದು. ಅಂದದ ಚರ್ಮದ ಚೀಲವೇ ಇದರ ದೊಡ್ಡ ಶತ್ರು, ತೇವವನ್ನು ಹಿಡಿದಿಡುವುದು ಅದೇ. ಕ್ಯಾಮರಾವನ್ನು ಚೀಲದಿಂದ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದ ಜೊತೆ ಇಡಬೇಕು. ಹರಳು ಬಣ್ಣ ತಿರುಗಿದಾಗ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯ ಮದ್ದು ಕ್ಯಾಮರಾವನ್ನು ಬಳಸುತ್ತಿರುವುದು.

ಲೈಕಾ, ಝೋರ್ಕಿ, ಫೆಡ್‌ಗಳಲ್ಲಿ ಷಟರು ರಬ್ಬರು ಲೇಪಿಸಿದ ಬಟ್ಟೆಯದು. ಲೆನ್ಸಿನ ಮುಚ್ಚಳ ತೆಗೆದು ಬಿಸಿಲಿಗೆ ಮುಖ ಮಾಡಿಟ್ಟರೆ, ಭೂತಗನ್ನಡಿಯಿಂದ ಕಾಗದ ಸುಡುವಂತೆ ಆ ಬಟ್ಟೆಗೆ ತೂತು ಬೀಳುತ್ತದೆ. ನಂದಿಬೆಟ್ಟದ ಸೂರ್ಯೋದಯಕ್ಕೆ ಹೋಗುವವರು ಇದನ್ನು ನೆನಪಿಡಬೇಕು. ಯಾಶಿಕಾ ಎಲೆಕ್ಟ್ರೋದಲ್ಲಿ ಷಟರು ಗಾಜುಗಳ ನಡುವಿನ ಲೋಹದ ಎಲೆಗಳದ್ದು, ಅದಕ್ಕೆ ಈ ಭಯವಿಲ್ಲ. ಅದರ ಕಾಯಿಲೆ ಬೇರೆ. ಒಳಗಿನ ಪುಟ್ಟ ರಬ್ಬರಿನ ತುಂಡು ಕಾಲ ಕಳೆದಂತೆ ಪುಡಿಯಾಗಿ, ಬೆಳಕಿನ ಲೆಕ್ಕ ಕೆಡುತ್ತದೆ. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ, ಬೇರೆ ಬ್ಯಾಟರಿಯನ್ನು ಹೊಂದಿಸಿಕೊಳ್ಳಬೇಕು. ಹಳೆಯ ಗ್ರೀಸು ಗಟ್ಟಿಯಾಗಿ ಲೆನ್ಸಿನ ಬಳೆ ತಿರುಗದಿದ್ದರೆ ಬಲ ಹಾಕಬಾರದು, ಬಿಚ್ಚಿ ತೊಳೆಸಬೇಕು. ತೆಳು ಎಣ್ಣೆ ಬಿಟ್ಟರೆ ಅದು ಹರಿದು ಷಟರಿನ ಎಲೆಗಳಿಗೆ ಅಂಟುತ್ತದೆ.

ದೂರ ಅಳೆಯುವ ಭಾಗವೂ ಕಾಲಕ್ರಮದಲ್ಲಿ ಜಾರುತ್ತದೆ. ಒಂದು ಪೆಟ್ಟು ಬಿದ್ದರೂ ಸಾಕು. ಪರೀಕ್ಷೆ ಸುಲಭ. ಲೆನ್ಸನ್ನು ಅನಂತದ ಗುರುತಿಗೆ ತಿರುಗಿಸಿ ಬಹಳ ದೂರದ ವಸ್ತುವನ್ನು ನೋಡಬೇಕು. ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟದ ಅಂಚೇ ಸಾಕು. ರಾತ್ರಿಯಾದರೆ ಚಂದ್ರ. ಎರಡು ಚಂದ್ರರು ಕೂಡಿ ಒಬ್ಬನಾದರೆ ಕ್ಯಾಮರಾ ಸರಿಯಿದೆ. ಅಕ್ಕ ಪಕ್ಕ ಇಬ್ಬರು ಕಂಡರೆ ಒಳಗಿನ ಸಣ್ಣ ತಿರುಪನ್ನು ಸರಿಪಡಿಸಬೇಕು. ಒಬ್ಬರ ಮೇಲೆ ಒಬ್ಬರು ಕಂಡರೆ ಅದು ಇನ್ನೊಂದು ತಿರುಪಿನ ಕೆಲಸ, ಬಲ್ಲವರ ಕೈಗೇ ಕೊಡಬೇಕು.

ಬಲ್ಲವರು ಕಡಿಮೆಯಾಗಿದ್ದಾರೆ. ಗಡಿಯಾರ, ರೇಡಿಯೊ, ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತ ಕ್ಯಾಮರಾವನ್ನೂ ಬಿಚ್ಚಿ ಜೋಡಿಸುತ್ತಿದ್ದ ಕೈಗಳು ನಮ್ಮ ಊರುಗಳಲ್ಲಿ ಇದ್ದವು. ಅವರಲ್ಲಿ ಮುಸ್ಲಿಮ್ ಕುಶಲಕರ್ಮಿಗಳ ಪಾಲು ದೊಡ್ಡದು. ಪುಸ್ತಕವಿಲ್ಲದೆ, ತರಬೇತಿಯಿಲ್ಲದೆ, ಉಸ್ತಾದನ ಪಕ್ಕದಲ್ಲಿ ಕೂತು ಕಲಿತ ವಿದ್ಯೆ ಅದು. ಕ್ಯಾಮರಾದ ಬ್ರಾಂಡಿಗೆ ಕೊಡುವ ಮರ್ಯಾದೆಯ ಹತ್ತರಲ್ಲೊಂದು ಪಾಲನ್ನೂ ನಾವು ಆ ಕೈಗಳಿಗೆ ಕೊಡಲಿಲ್ಲ. ಅವರ ಮಕ್ಕಳು ಮೊಬೈಲ್ ಅಂಗಡಿ ಇಟ್ಟರು, ಅದರಲ್ಲಿ ತಪ್ಪೇನಿಲ್ಲ. ಫಿಲ್ಮಿನ ಕತೆಯೂ ಅದೇ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾಗಿ 'ಇಂದು' ಹೆಸರಿನ ಕಪ್ಪುಬಿಳುಪಿನ ಫಿಲ್ಮು ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಬಾಗಿಲು ಹಾಕಿದೆ. ಈಗ ಫಿಲ್ಮು ಹೊರದೇಶದಿಂದ ಬರಬೇಕು. ಒಂದು ರೀಲು ಕೊಂಡು ತೊಳೆಸುವ ಖರ್ಚು ಬಿಚ್ಚಾಣಿಕೆ ಮನೆಯ ಒಬ್ಬ ಕೆಲಸಗಾರ್ತಿಯ ದಿನದ ಕೂಲಿಗಿಂತ ಹೆಚ್ಚು. ಒಳ್ಳೆಯ ಲೈಕಾ ಎಂ3 ಒಂದಕ್ಕೆ ಲೆನ್ಸು ಸೇರಿ ಲಕ್ಷ ರೂಪಾಯಿ ಮೀರುತ್ತದೆ. ಸರಳತೆಯ ಸಂಕೇತವೆಂದು ಹೊಗಳಿಸಿಕೊಳ್ಳುವ ಈ ಹವ್ಯಾಸ ಸರಳರ ಕೈಗೆ ಎಟುಕುವಂಥದಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಹಾಗಾದರೆ ಇವನ್ನೆಲ್ಲ ಅಟ್ಟಕ್ಕೆ ಎಸೆಯಬೇಕೇ? ಇಲ್ಲ. ಮೂವತ್ತಾರೇ ಚಿತ್ರಗಳಿವೆ ಎಂಬ ಮಿತಿ ಮನುಷ್ಯನನ್ನು ನಿಧಾನ ಮಾಡುತ್ತದೆ. ನೆಗೆಟಿವ್ ಎಂಬುದು ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ. ಒಣ ಜಾಗದಲ್ಲಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಶಿಡ್ಲಘಟ್ಟದ ಬದುಕಿನ ಅತ್ಯುತ್ತಮ ಚಿತ್ರಗಳು ಬಹುಶಃ ಅಲ್ಲಿನ ಹುಡುಗರ ಫೋನುಗಳಲ್ಲೇ ಇವೆ, ಆದರೆ ಫೋನು ಬದಲಾದಾಗ ಅವು ಅಳಿಸಿಹೋಗುತ್ತವೆ. ಉಳಿಯುವ ಸಾಕ್ಷಿಯ ಬೆಲೆ ಏನೆಂದು ಗೌರಿಬಿದನೂರು ತಾಲೂಕಿನವರಿಗೆ ಹೇಳಬೇಕಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರ ಬಗ್ಗೆ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಬಂದು ಆಗಲೇ ಆರು ವರ್ಷವಾಗಿತ್ತು.

ಆದ್ದರಿಂದ ಹಳೆಯ ಕ್ಯಾಮರಾ ಹಿಡಿದು ನಮ್ಮ ಊರುಗಳಿಗೆ ಬರುವವರಿಗೆ ಸ್ವಾಗತವೇ ಇದೆ. ಬಿಚ್ಚಾಣಿಕೆ ಮನೆಯಲ್ಲಿ ಕ್ಯಾಮರಾ ತೆಗೆದ ಕೂಡಲೇ ಹೆಂಗಸರು ಕೇಳುವ ಮೊದಲ ಪ್ರಶ್ನೆ, "ಹಮ್‌ಕೊ ಕಬ್ ದೇತೆ, ಭಾಯಿ?" ನಮಗೆ ಯಾವಾಗ ಕೊಡುತ್ತೀರಿ ಎಂದು. ಅದನ್ನು ತಮಾಷೆಯೆಂದು ನಕ್ಕು ಮುಂದೆ ಹೋಗುವವರೇ ಹೆಚ್ಚು. ಅದು ತಮಾಷೆಯಲ್ಲ, ವಿಮರ್ಶೆಯ ಪ್ರಶ್ನೆ. ಚಿತ್ರವನ್ನು ಅದರಲ್ಲಿರುವವರಿಗೆ ತಲುಪಿಸಿದಾಗ, ಅವರು ಅದನ್ನು ನೋಡಿ ಹೌದು ಇದು ನಾನೇ ಎಂದಾಗ, ಹಿಂಬದಿಗೆ ತಮ್ಮ ಹೆಸರನ್ನೂ ಮಾಡುತ್ತಿದ್ದ ಕೆಲಸವನ್ನೂ ಸರಿಯಾಗಿ ಬರೆಸಿದಾಗ ಎರಡನೆಯ ಬಿಂಬ ಮೊದಲನೆಯದರ ಮೇಲೆ ಬಂದು ಕೂರುತ್ತದೆ. ಅಲ್ಲಿಯವರೆಗೆ ಆ ಚಿತ್ರ ಎಷ್ಟೇ ಚಂದವಿದ್ದರೂ ಫೋಕಸ್ ಆಗಿಲ್ಲವೆಂದೇ ತಿಳಿಯಬೇಕು.